ಕನ್ನವಿಲ್ಲದ ಕಳವು

ಪ್ರತಿ ವರ್ಷ ಆ ಪಾಠಕ್ಕೆ ಬಂದಾಗ ತರಗತಿಯಲ್ಲಿ ಯಾರಾದರೂ ಒಬ್ಬರು ಅದೇ ಪ್ರಶ್ನೆ ಕೇಳುತ್ತಾರೆ. "ತೂತು ಎಲ್ಲಿರ್ತದೆ ಮೇಡಂ?" ತೂತು ಇರುವುದಿಲ್ಲ ಎನ್ನುತ್ತೇನೆ. "ಮತ್ತೆ ಎಂಗೆ ಆಚೆಗೋಯ್ತದೆ?" ಎಂದು ಹಿಂದಿನ ಬೆಂಚಿನಿಂದ ಇನ್ನೊಂದು ದನಿ ಬರುತ್ತದೆ. ಅದನ್ನೇ ಹೇಳಿಕೊಡಲು ನನಗೆ ಸಂಬಳ ಕೊಡುತ್ತಾರೆ, ಬಾಯಿ ಮುಚ್ಚಿಕೊಂಡು ಕೇಳಿ ಎನ್ನುತ್ತೇನೆ.

ಹುಣಸೂರಿನ ಒಂದು ಪದವಿ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಮೇಡಂ. ಎಲೆಕ್ಟ್ರಾನು ತನ್ನ ಶಕ್ತಿಗೆ ಮೀರಿದ ತಡೆಯನ್ನು ಹಾರದೆ, ಒಡೆಯದೆ, ಹೇಗೋ ಆಚೆ ಬದಿಯಲ್ಲಿ ಕಾಣಿಸಿಕೊಳ್ಳುವ ಪಾಠವದು. ಇಂಗ್ಲಿಷಿನಲ್ಲಿ ಟನೆಲಿಂಗ್ ಎನ್ನುತ್ತಾರೆ, ಕನ್ನಡದಲ್ಲಿ ಬರೆಯುವವರು ಸುರಂಗ ಪರಿಣಾಮ ಎನ್ನುತ್ತಾರೆ. ಎರಡೂ ದಾರಿ ತಪ್ಪಿಸುವ ಹೆಸರುಗಳು. ಸುರಂಗ ಎಂದಮೇಲೆ ಯಾರೋ ಕೊರೆದಿರಬೇಕು, ಮಣ್ಣು ಹೊರಗೆ ಬಿದ್ದಿರಬೇಕು. ಇಲ್ಲಿ ಯಾರೂ ಏನನ್ನೂ ಕೊರೆಯುವುದಿಲ್ಲ. ನಮ್ಮ ಕಡೆ ಮಣ್ಣಿನ ಗೋಡೆ ಕೊರೆದು ಮನೆಯೊಳಗೆ ನುಗ್ಗುವುದಕ್ಕೆ ಕನ್ನ ಹಾಕುವುದು ಎನ್ನುತ್ತಾರಲ್ಲ, ನಾನು ಆ ಮಾತನ್ನು ಹಿಡಿದುಕೊಂಡು, ಇದು ಕನ್ನವಿಲ್ಲದ ಕಳವು ಎಂದು ಹೇಳಿಕೊಡುತ್ತೇನೆ. ಗೋಡೆ ಇದ್ದ ಹಾಗೇ ಇರುತ್ತದೆ, ಬೀಗ ಹಾಕಿದ ಹಾಗೇ ಇರುತ್ತದೆ, ಒಳಗಿದ್ದದ್ದು ಮಾತ್ರ ಹೊರಗಿರುತ್ತದೆ. ಹುಡುಗರು ನಗುತ್ತಾರೆ, ನಾನೂ ನಗುತ್ತಿದ್ದೆ.

ಒಂದು ವಿಷಯದಲ್ಲಿ ಮಾತ್ರ ನನ್ನಷ್ಟು ಜುಗ್ಗಿ ಆ ಕಾಲೇಜಿನಲ್ಲಿಲ್ಲ. ತಡೆ ದಪ್ಪವಾದಷ್ಟೂ ಎಲೆಕ್ಟ್ರಾನು ದಾಟುವ ಸಂಭವ ಭರಭರನೆ ಇಳಿಯುತ್ತದೆ, ಆದರೆ ಎಷ್ಟು ಇಳಿದರೂ ಸೊನ್ನೆಯಾಗುವುದಿಲ್ಲ. ಉತ್ತರಪತ್ರಿಕೆಯಲ್ಲಿ ಸೊನ್ನೆ ಎಂದು ಬರೆದವರಿಗೆ ನಾನು ಅರ್ಧ ಅಂಕವನ್ನೂ ಹಾಕುವುದಿಲ್ಲ. ಬಹಳ ಕಡಿಮೆ ಅನ್ನುವುದೂ ಇಲ್ಲವೇ ಇಲ್ಲ ಅನ್ನುವುದೂ ಒಂದೇನಾ ಎಂದು ಸ್ಟಾಫ್ ರೂಮಿಗೆ ಕರೆಸಿ ಬೆವರಿಳಿಸಿದ್ದೂ ಉಂಟು. ಇಂಥ ನಾನು ಹೆತ್ತವ್ವನಿಗೆ ಸೊನ್ನೆ ಎಂದು ಹೇಳಿದ್ದೆ. ಅದನ್ನು ಬರೆಯಲು ಕೂತಿದ್ದೇನೆ.

ನನ್ನ ತವರು ರಾವಂದೂರಿನ ಹತ್ತಿರದ ಒಂದು ಸಣ್ಣ ಊರು. ಅಲ್ಲಿ ಅಣ್ಣ, ಅತ್ತಿಗೆ, ಅವರ ಮಗಳು, ಅವ್ವ. ಹೊಗೆಸೊಪ್ಪಿನ ಎಲೆಗಳನ್ನು ಒಣಗಿಸಲು ಕಡ್ಡಿಗೆ ಕಟ್ಟುವುದರಲ್ಲಿ ಅವ್ವನದು ಎತ್ತಿದ ಕೈ. ಆದರೆ ಸುತ್ತಲಿನ ಊರುಗಳಲ್ಲಿ ಅವಳನ್ನು ಜನ ಕರೆಯುತ್ತಿದ್ದದ್ದು ಸೋಬಾನೆ ಪದಗಳಿಗೆ. ಮದುವೆ ಹೆಣ್ಣಿಗೆ ಅರಿಶಿನ ಹಚ್ಚುವಾಗ ಮುಂದೆ ಕೂತು ಹಾಡುವವಳು ಅವಳು, ಹಿಂದಿನಿಂದ ದನಿ ಸೇರಿಸುವವರು ಉಳಿದ ಹೆಂಗಸರು. ಅವಳ ಪದದಲ್ಲಿ ಹೆಣ್ಣಿನ ಹೆಸರು ಬರುವ ಜಾಗವೊಂದಿತ್ತು. ಅಲ್ಲಿಗೆ ಬಂದಾಗ ದನಿಯನ್ನು ಒಂದು ಚೂರು ತಗ್ಗಿಸಿ, ಹೆಸರನ್ನು ಎಳೆದು, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದಳು. ಅಷ್ಟಕ್ಕೆ ಅಳದ ಹುಡುಗಿಯನ್ನು ನಾನು ಕಂಡಿಲ್ಲ. ರಾವಂದೂರು, ಹಾರನಹಳ್ಳಿ ಕಡೆಯ ಎಷ್ಟೋ ಹುಡುಗಿಯರ ಹೆಸರು ಹಾಗೆ ಅವಳ ಬಾಯಲ್ಲಿ ಬಂದಿದ್ದವು. ನನ್ನದು ಬರಲಿಲ್ಲ.

ಬರದಿದ್ದದ್ದಕ್ಕೆ ಕಾರಣ ನಾನೇ. ಎಚ್.ಡಿ. ಕೋಟೆ ಕಡೆಯವರೊಬ್ಬರನ್ನು ಮೆಚ್ಚಿದೆ. ಅವರ ಜನ ಬೇರೆ, ನಮ್ಮ ಜನ ಬೇರೆ. ಮನೆಯಲ್ಲಿ ಒಪ್ಪುವುದಿಲ್ಲ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿ, ಇಬ್ಬರು ಗೆಳತಿಯರ ಸಾಕ್ಷಿ ಹಾಕಿಸಿ ರಿಜಿಸ್ಟರ್ ಮದುವೆಯಾದೆ. ಕೇಳಿ, ಅವರು ಒಲ್ಲೆ ಎಂದಿದ್ದರೆ ಆ ಮಾತು ಬೇರೆ. ನಾನು ಕೇಳಲೇ ಇಲ್ಲ. ಸುದ್ದಿ ಗೊತ್ತಾದಾಗ ಅಣ್ಣ ಊರಿಗೆಲ್ಲ ಕೇಳುವಂತೆ ಕೂಗಾಡಿದ. ಅವ್ವ ಕೂಗಾಡಲಿಲ್ಲ. ತಿಂಗಳು ಬಿಟ್ಟು ಹೆದರಿಕೊಂಡೇ ಹೋದಾಗ ಮುದ್ದೆ ಇಕ್ಕಿ, ಉಪ್ಪುಸಾರು ಬಿಟ್ಟು, ಪಕ್ಕದಲ್ಲಿ ಕೂತಳು.

"ಯೇಳಿದ್ರೆ ನಾ ಏನ್ ಬ್ಯಾಡ ಅಂತಿದ್ನಾ ಮಗ? ಊರ್ ಎಣ್ಮಕ್ಕಳಿಗೆಲ್ಲ ಆಡ್ದೋಳು ನಾನು. ನಿಂಗೊಂದ್ ಪದ ಆಡ್ಕತಿದ್ದೆ."

ಇಷ್ಟೇ ಹೇಳಿದ್ದು. ಇದಕ್ಕಿಂತ ಎರಡೇಟು ಹಾಕಿದ್ದರೆ ಮುದ್ದೆ ಸಲೀಸಾಗಿ ಗಂಟಲಲ್ಲಿ ಇಳಿಯುತ್ತಿತ್ತು.

ಕೆಲವು ವರ್ಷಗಳ ಮೇಲೆ ಅವ್ವನ ದನಿ ಒಡೆಯತೊಡಗಿತು. ಮದುವೆ ಸೀಸನ್ನಿನಲ್ಲಿ ಹಾಡಿ ಹಾಡಿ ಹೀಗಾಗಿದೆ ಎಂದುಕೊಂಡೆವು. ಕಷಾಯ, ಜೇನು, ಮೆಣಸು ಎಲ್ಲ ಆಯಿತು. ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋದರೆ ಗಂಟಲ ಕ್ಯಾನ್ಸರ್ ಎಂದರು. ಜೀವ ಉಳಿಯಬೇಕಾದರೆ ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತಿಲ್ಲ. ಆಪರೇಷನ್ನಿಗೆ ಇನ್ನೊಂದು ವಾರ ಇರುವಾಗ ಅವ್ವ ಹುಣಸೂರಿನ ನಮ್ಮ ಮನೆಗೆ ಬಂದಳು. ನಾನು ಸಂಜೆಯ ಅಡುಗೆಗೆ ಸೊಪ್ಪು ಸೋಸುತ್ತಿದ್ದೆ. ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತು, "ಆ ಪೋನ್ ತಗಾ" ಎಂದಳು.

ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿದೆ.

"ಯಾರ್ಗೂ ಬ್ಯಾಡ. ಅದು ಮಾತ ಇಡ್ಕತದಂತಲ್ಲ. ಮದ್ವೇಲಿ ಆಡ್ದೆ ಉಳ್ದಿದ್ದ ಈಗ ಆಡ್ಬುಡ್ತೀನಿ, ಇಡ್ಕ."

ಸುಮಾರು ನಲವತ್ತು ನಿಮಿಷ ಹಾಡಿದಳು. ಒಡೆದ ದನಿ, ನಡುನಡುವೆ ಕೆಮ್ಮು, ಒಂದೆರಡು ಕಡೆ ನಿಲ್ಲಿಸಿ ನೀರು ಕುಡಿದದ್ದು, ಕುಕ್ಕರಿನ ಸೀಟಿ, ಎಲ್ಲವೂ ಅದರಲ್ಲಿತ್ತು. ಹೆಸರು ಬರುವ ಜಾಗದಲ್ಲೆಲ್ಲ ನನ್ನ ಹೆಸರು ಬಂತು. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನ ಹೆಸರೂ ಬಂತು. ಅವರು ತಟ್ಟನೆ ಹಿತ್ತಲಿಗೆ ಹೋಗಿಬಿಟ್ಟರು. ನಾನು ಸೊಪ್ಪಿನ ಬುಟ್ಟಿ ಮುಂದಿಟ್ಟುಕೊಂಡು ಅತ್ತೆ. ನನ್ನ ಮದುವೆಯಾದದ್ದು ಆವತ್ತು ಎಂದೇ ಈಗಲೂ ಅನ್ನಿಸುತ್ತದೆ.

ಮುಗಿಸಿದ ಮೇಲೆ ಅವ್ವ ಫೋನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಇದು ಎಷ್ಟ್ ದಿನ ಇದ್ದದು ಮಗ? ಅಂಗೇ ಓಗ್ಬುಡದಾ?"

"ಎಲ್ಲೂ ಓಗಲ್ಲ ಕಣವ್ವ. ನಾವೇ ಅಳಿಸಿದ್ರೆ ಉಂಟು. ಇಲ್ದಿದ್ರೆ ಓಗೋದೇ ಇಲ್ಲ."

ಓಗೋದೇ ಇಲ್ಲ. ಕಾಲೇಜಿನಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆಯುತ್ತಿದ್ದೆ.

ನನ್ನ ಫೋನು ಹಳೆಯದು, ಸದಾ ತುಂಬಿ ತುಳುಕುತ್ತಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಪೆನ್‌ಡ್ರೈವ್ ಕೊಂಡು ಪದಗಳನ್ನು ಅದಕ್ಕೆ ಹಾಕಿ, ಫೋನಿನಿಂದ ಅಳಿಸಿದೆ. ಇನ್ನೊಂದು ಪ್ರತಿ ಮಾಡಿ ಕಾಲೇಜಿನ ಕಂಪ್ಯೂಟರಿನಲ್ಲಿ ಇಡಬೇಕೆಂದಿದ್ದೆ. ನಾಳೆ ಇಟ್ಟರಾಯಿತು, ಪರೀಕ್ಷೆ ಮುಗಿಯಲಿ, ದಸರಾ ರಜೆ ಬರಲಿ. ಆ ನಾಳೆ ಬರಲೇ ಇಲ್ಲ.

ಆಸ್ಪತ್ರೆಯಿಂದ ಬಂದಮೇಲೆ ಅವ್ವ ಕೆಲವು ದಿನ ನಮ್ಮ ಮನೆಯಲ್ಲಿದ್ದಳು. ಕುತ್ತಿಗೆಯ ತೂತಿನಲ್ಲಿ ಉಸಿರು, ಅದಕ್ಕೊಂದು ತೆಳು ಬಟ್ಟೆ. ದನಿಯಿಲ್ಲದೆ ತುಟಿ ಆಡಿಸಿ ಮಾತಾಡುವುದನ್ನು ಅವಳು ಕಲಿತಳು, ನೋಡಿ ತಿಳಿದುಕೊಳ್ಳುವುದನ್ನು ನಾನು ಕಲಿತೆ. ಅತ್ತಿಗೆಗೆ ಅರ್ಧ ತಿಳಿದರೆ ನನಗೆ ಪೂರ್ತಿ ತಿಳಿಯುತ್ತಿತ್ತು. ಒಂದು ದಿನ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿ ಅವಳ ಪದವನ್ನೇ ಅವಳಿಗೆ ಕೇಳಿಸಿದೆ. ಎರಡು ಪದ ಕೇಳುವಷ್ಟರಲ್ಲಿ ಕೈ ಅಡ್ಡ ಮಾಡಿದಳು. ಸಾಕು, ತೇದೋಯ್ತದೆ ಎಂದು ತುಟಿ ಆಡಿಸಿದಳು. ಹಿಂದೆ ಮನೆಯಲ್ಲಿ ಕ್ಯಾಸೆಟ್ಟುಗಳು ಹಾಕಿ ಹಾಕಿ ತೇದದ್ದನ್ನು ಕಂಡವಳು. ಇದು ಹಾಗೆ ತೇಯುವುದಿಲ್ಲ ಎಂದರೂ ಕೇಳಲಿಲ್ಲ. ಪೆನ್‌ಡ್ರೈವನ್ನು ಸೆರಗಿಗೆ ಗಂಟು ಹಾಕಿಕೊಂಡು ಊರಿಗೆ ಹೋದಳು. ಅಲ್ಲಿ ಅದನ್ನು ಯಾರಿಗೂ ಕೇಳಿಸಲಿಲ್ಲ, ಯಾರ ಕೈಗೂ ಕೊಡಲಿಲ್ಲ.

ನಾಲ್ಕು ವರ್ಷ ಹೋಯಿತು. ಅಣ್ಣನ ಮಗಳಿಗೆ ಕೆ.ಆರ್. ನಗರದ ಕಡೆಯ ಹುಡುಗನೊಂದಿಗೆ ಮದುವೆ ನಿಕ್ಕಿಯಾಯಿತು. ಅತ್ತಿಗೆ ಫೋನ್ ಮಾಡಿ ಚಪ್ಪರದ ದಿನ, ಅಡುಗೆಯವರ ವಿಚಾರ ಎಲ್ಲ ಹೇಳಿ ಕೊನೆಯಲ್ಲಿ, "ಅರಿಸಿನ ಸಾಸ್ತ್ರಕ್ಕೆ ಅತ್ತೆ ಪದನೇ ಮೈಕಲ್ಲಿ ಆಕ್ಬೇಕಂತೆ ಕಣವ್ವ" ಎಂದರು.

ಅದರಲ್ಲಿ ನನ್ನ ಹೆಸರಿದೆಯಲ್ಲ ಅತ್ತಿಗೆ ಎಂದೆ.

"ನಾನೂ ಅಂಗೇ ಅಂದೆ. ಅದ್ಕೇ ಆಕ್ಬೇಕು ಅಂತ ಎದೆ ಮುಟ್ಕಂಡ್ ಯೇಳ್ತಾರೆ. ನಮ್ ಮಗೀಗೂ ಬೇಜಾರಿಲ್ಲ ಬುಡು, ಅಜ್ಜಿ ಪದ ಯಾರೆಸ್ರಲ್ಲಿದ್ರೇನು ಅಂತಾಳೆ."

ಫೋನ್ ಇಟ್ಟ ಮೇಲೆ ಅರ್ಥವಾಯಿತು. ಮೊಮ್ಮಗಳ ಅರಿಶಿನಕ್ಕೆ ಸೇರಿದ ಊರಿನ ಮುಂದೆ, ಕದ್ದು ಮದುವೆಯಾದ ಮಗಳ ಹೆಸರನ್ನು ತನ್ನ ದನಿಯಲ್ಲಿ ಕೇಳಿಸಬೇಕು. ಇವಳಿಗೂ ನಾನು ಹಾಡಿದ್ದೇನೆ, ಇವಳೂ ಮದುವೆಯಾದವಳೇ ಎಂದು ನಾಲ್ಕು ಜನಕ್ಕೆ ಗೊತ್ತಾಗಬೇಕು. ಅವ್ವ ಅದಕ್ಕಾಗಿ ನಾಲ್ಕು ವರ್ಷ ಕಾದಿದ್ದಳು.

ಆ ಭಾನುವಾರವೇ ಪಿರಿಯಾಪಟ್ಟಣದಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ಅವ್ವ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಗ್ಯಾಸ್ ಬಂದಿದ್ದರೂ ಮುದ್ದೆಗೆ, ನೀರು ಕಾಯಿಸಲಿಕ್ಕೆ ಸೌದೆ ಒಲೆಯೇ. ಆ ಒಲೆಯ ಮೇಲಿನ ಹಲಗೆ ನಮ್ಮ ಮನೆಯಲ್ಲಿ ಬೀಜದ ಜಾಗ. ಸೋರೆ, ಹೀರೆ, ಅವರೆ, ಮುಂದಿನ ವರ್ಷಕ್ಕೆ ಬೇಕಾದ ಬೀಜವನ್ನೆಲ್ಲ ಬೂದಿಯಲ್ಲಿ ಬೆರೆಸಿ ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಸಗಣಿ ಸಾರಿಸಿ ಅಲ್ಲಿಡುತ್ತಾರೆ. ಹೊಗೆಯೂ ಬಿಸಿಯೂ ತಾಕಿ ಹುಳ ಬೀಳುವುದಿಲ್ಲ, ಬೀಜ ಮುಗ್ಗುವುದಿಲ್ಲ. ಬೀರುವಿನಲ್ಲಿಟ್ಟ ಬೀಜ ಮೊಳೆಯುವುದಿಲ್ಲ ಎಂದು ಅವ್ವ ಮುಂಚಿನಿಂದಲೂ ಹೇಳುತ್ತಿದ್ದಳು. ಅವಳು ಸ್ಟೂಲು ಹತ್ತಿ ಒಂದು ಗಡಿಗೆ ಇಳಿಸಿದಳು. ಗಡಿಗೆ ಮುಟ್ಟಿದರೆ ಬೆಳಗಿನ ಒಲೆಯ ಬಿಸಿ ಇನ್ನೂ ಇತ್ತು. ಬಟ್ಟೆ ಬಿಚ್ಚಿ ಮೊರಕ್ಕೆ ಸುರಿದಳು. ಬೂದಿಯೊಳಗೆ ಸೋರೆ ಬೀಜದ ಜೊತೆ ಒಂದು ಸಣ್ಣ ಬಟ್ಟೆಯ ಗಂಟು ಬಿತ್ತು. ಅದರೊಳಗೆ ನನ್ನ ಪೆನ್‌ಡ್ರೈವ್.

ಅದನ್ನು ನನ್ನ ಅಂಗೈಗೆ ಹಾಕಿ, ಬೆರಳುಗಳನ್ನು ಅವಳೇ ಒಂದೊಂದಾಗಿ ಮಡಚಿ ಮುಷ್ಟಿ ಮಾಡಿದಳು. ಮುಖದಲ್ಲಿ ಏನು ಜಂಬ. ನಾನು ಮಾತ್ರ ಬಿಸಿ ಆರದ ಆ ಗಡಿಗೆಯನ್ನೇ ನೋಡುತ್ತಿದ್ದೆ.

ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿದರೆ, ಇದನ್ನು ಫಾರ್ಮ್ಯಾಟ್ ಮಾಡಲಾ ಎಂದು ಕೇಳಿತು. ಮಾರನೆಯ ದಿನ ಕಾಲೇಜು ಬಿಟ್ಟ ಮೇಲೆ ಹುಣಸೂರಿನಲ್ಲಿ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುವ ಒಬ್ಬರ ಹತ್ತಿರ ಹೋದೆ. ನಡುವಯಸ್ಸಿನವರು, ಕೆಲಸ ಬಲ್ಲವರು. ಏನೋ ಸಾಫ್ಟ್‌ವೇರ್ ಹಾಕಿ ಗಂಟೆಗಟ್ಟಲೆ ಹುಡುಕಿದರು. ಫೈಲಿನ ಹೆಸರು ಬಂತು. ನಾನೇ ಇಟ್ಟ ಹೆಸರು, ಅವ್ವ ಸೋಬಾನೆ ಎಂದು. ಅದರ ಗಾತ್ರವೂ ಸರಿಯಾಗಿಯೇ ಇತ್ತು. ಒತ್ತಿದರೆ ಚರಚರ ಎಂದು ಒಂದು ಕ್ಷಣ ಸದ್ದಾಗಿ ನಿಂತಿತು. ಅಷ್ಟೇ. ಅವರು ಇನ್ನೆರಡು ದಿನ ಇಟ್ಟುಕೊಂಡು ಬೇರೆ ಬೇರೆ ರೀತಿಯಲ್ಲಿ ನೋಡಿದರು. ಕೊನೆಗೆ, "ಇದ ಎಲ್ ಮಡಗಿದ್ರಿ ಮೇಡಂ?" ಎಂದು ಕೇಳಿದರು.

ಹೇಳಿದೆ. ಅವರು ನಗದೆ ಇರಲು ಕಷ್ಟಪಟ್ಟರು.

"ನೋಡಿ, ಒಲೆ ಬಿಸಿನೂ ಇರ್ಬೋದು, ಮಾಲೇ ಸರಿ ಇಲ್ದೆ ಇರ್ಬೋದು. ಪೆನ್‌ಡ್ರೈವ್ ಅನ್ನೋದು ಇಲ್ಲಿಂದ ಅಲ್ಲಿಗೆ ಸಾಗ್ಸಕ್ಕೆ ಕಣ್ರೀ. ಮಡಿಕ್ಕಳಕ್ಕಲ್ಲ."

ಇದನ್ನು ರಿಪೇರಿಯವರೊಬ್ಬರಿಂದ ಹೇಳಿಸಿಕೊಳ್ಳಬೇಕಾದ ಅಗತ್ಯ ನನಗಿರಲಿಲ್ಲ. ನನಗೆ ಗೊತ್ತಿತ್ತು. ಆ ಕರಿಯ ಚಿಪ್ಪಿನೊಳಗೆ ಹಾಡೂ ಇಲ್ಲ, ದನಿಯೂ ಇಲ್ಲ, ಇರುವುದು ಎಲೆಕ್ಟ್ರಾನುಗಳು. ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳು ಕೋಟಿಗಟ್ಟಲೆ ಇವೆ. ಪ್ರತಿ ಕೋಣೆಯ ಸುತ್ತ ಗಾಜಿನ ಜಾತಿಯ ಒಂದು ತೆಳು ಪದರ. ಅದಕ್ಕೆ ಬಾಗಿಲಿಲ್ಲ, ಸಂದಿಲ್ಲ. ಹಾಡು ತುಂಬುವಾಗ ಜೋರಾದ ವೋಲ್ಟೇಜು ಕೊಟ್ಟು ಆ ತಡೆಯನ್ನು ಹೊತ್ತಿನ ಮಟ್ಟಿಗೆ ತೆಳುವಾದ ಹಾಗೆ ಮಾಡುತ್ತಾರೆ. ಎಲೆಕ್ಟ್ರಾನುಗಳು ನಾನು ಪಾಠ ಮಾಡುವ ರೀತಿಯಲ್ಲೇ ದಾಟಿ ಒಳಗೆ ಸೇರುತ್ತವೆ. ವೋಲ್ಟೇಜು ತೆಗೆದರೆ ಒಳಗೇ ಸಿಕ್ಕಿಕೊಳ್ಳುತ್ತವೆ. ಯಾವ ಕೋಣೆ ತುಂಬಿದೆ, ಯಾವುದು ಖಾಲಿ ಎನ್ನುವ ಲೆಕ್ಕವೇ ಅವ್ವನ ದನಿ. ಆದರೆ ಯಾವ ರೀತಿಯಲ್ಲಿ ಒಳಗೆ ಬಂದವೋ ಅದೇ ರೀತಿಯಲ್ಲಿ ಹೊರಗೂ ಹೋಗಬಲ್ಲವು. ಸಂಭವ ತೀರ ಕಡಿಮೆ, ಸೊನ್ನೆಯಲ್ಲ. ಪದರ ಕಳಪೆಯಾಗಿದ್ದು ನಡುವೆ ದೋಷಗಳಿದ್ದರೆ ಅವುಗಳನ್ನೇ ಮೆಟ್ಟಿಲು ಮಾಡಿಕೊಳ್ಳುತ್ತವೆ. ಬಿಸಿ ತಾಕುತ್ತಿದ್ದರೆ ಇನ್ನೂ ಸಲೀಸು. ದಿನಕ್ಕೆರಡು ಹೊತ್ತಿನ ಒಲೆ, ನಾಲ್ಕು ವರ್ಷ. ನನ್ನ ಹೆಸರು ಸಗಣಿ ಸಾರಿಸಿದ ಗಡಿಗೆಯೊಳಗೆ ಕೂತಲ್ಲೇ ಸೋರಿಹೋಗಿತ್ತು.

ಎಂಥ ಸಿಟ್ಟು ಬಂತೆಂದರೆ, ಮನೆಗೆ ಬಂದು ಪೆನ್‌ಡ್ರೈವಿನ ಕವಚ ಬಿಚ್ಚಿ ಚಿಪ್ಪನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಗೀರಿರಲಿಲ್ಲ. ಇಷ್ಟು ವರ್ಷ ಬಾಯಿ ನೋಯುವ ಹಾಗೆ ಯಾರ ಗುಣಗಾನ ಮಾಡಿದ್ದೆನೋ ಅದೇ ನನ್ನ ಮನೆಗೆ ನುಗ್ಗಿತ್ತು. ಆ ವಾರ ತರಗತಿಯಲ್ಲಿ ಎಲೆಕ್ಟ್ರಾನು ಎನ್ನುವ ಮಾತು ಬಾಯಿಗೆ ಬಂದರೆ ಕಹಿಯಾಗುತ್ತಿತ್ತು. ನಂಬಿಸಿ ಕತ್ತು ಕೊಯ್ದವರ ಹೆಸರು ಹೇಳಿದ ಹಾಗೆ.

ಮುಂದಿನ ಭಾನುವಾರ ಬಸ್ಸಿನಲ್ಲಿ ಕೂತು ಅವ್ವನಿಗೆ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಎಲ್ಲ ಬೈಗುಳವೇ. ಯಾರು ನಿನಗೆ ಒಲೆಯ ಮೇಲಿಡು ಅಂದವರು? ಅದೇನು ಸೋರೆ ಬೀಜವಾ? ಒಂದು ಮಾತು ನನ್ನನ್ನು ಕೇಳಬಾರದಿತ್ತಾ? ಮಾತು ಬಾರದವಳನ್ನು ಬೈಯಲು ಹೊರಟಿದ್ದೇನೆ ಎಂಬ ನಾಚಿಕೆಯೂ ಆಗಲಿಲ್ಲ. ಇನ್ನೊಂದು ಪ್ರತಿ ಮಾಡದೆ ಫೋನಿನಿಂದ ಅಳಿಸಿದವಳು ಯಾರು ಎಂದು ನನ್ನನ್ನು ನಾನು ಕೇಳಿಕೊಳ್ಳುವ ಹೊತ್ತಿಗೆ ಊರು ಬಂತು.

ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಕಂಡವಳೇ ಅಂಗೈಯನ್ನು ಕಿವಿಗೆ ಇಟ್ಟುಕೊಂಡು ಹುಬ್ಬು ಹಾರಿಸಿದಳು. ಕೇಳಿದ್ಯಾ?

"ಕೇಳ್ದೆ ಕಣವ್ವ" ಎಂದೆ. "ಚೆನ್ನಾಗದೆ."

ಅದು ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ. ಬಂದಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯವೂ ಬರಲಿಲ್ಲ. ಅವ್ವ ನನ್ನ ಎರಡೂ ಕೆನ್ನೆ ಸವರಿ ಲಟಿಕೆ ಮುರಿದಳು.

ಆಮೇಲೆ ಮಾಡಿದ್ದನ್ನು ಬರೆಯಲು ಕೈ ಏಳುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿ, ಎಲ್ಲಿಯದೋ ಹೆಂಗಸೊಬ್ಬರು ಹಾಡಿದ ಸೋಬಾನೆ ಪದವೊಂದನ್ನು ಆರಿಸಿದೆ. ವಯಸ್ಸಾದ, ಸ್ವಲ್ಪ ಒಡೆದ ದನಿ. ಹೆಣ್ಣಿನ ಹೆಸರು ಬರುವ ಜಾಗದಲ್ಲಿ ಅವರು ಮುದ್ದಿನ ಮಗಳು ಎಂದು ಹಾಡಿದ್ದರು. ಅತ್ತಿಗೆಗೆ, ನಮ್ಮ ಹುಡುಗಿಯ ಶಾಸ್ತ್ರದಲ್ಲಿ ನನ್ನ ಹೆಸರೇಕೆ, ಆ ಭಾಗ ತೆಗೆದಿದ್ದೇನೆ ಎಂದು ಮೊದಲೇ ಹೇಳಿಟ್ಟೆ. ಅವರು ನಂಬಿದರು. ಪೆನ್‌ಡ್ರೈವಿನಲ್ಲಿದ್ದ ಪದವನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲವಲ್ಲ. ಅವ್ವನಿಗೆ ಏನು ಹೇಳುವುದೆಂದು ಯೋಚಿಸಲಿಲ್ಲ. ಗದ್ದಲದಲ್ಲಿ ಹೇಗೋ ದಾಟಿಹೋಗುತ್ತದೆ ಎಂದುಕೊಂಡೆ.

ಶಾಸ್ತ್ರ ಬೆಳಗ್ಗೆ ಹತ್ತರ ಹೊತ್ತಿಗೆ. ಚಪ್ಪರದ ಕೆಳಗೆ ಚಾಪೆ, ನಡುವೆ ಮಣೆಯ ಮೇಲೆ ಅಣ್ಣನ ಮಗಳು, ಸುತ್ತ ಹೆಂಗಸರು. ಅವ್ವ ಹೊಸ ಸೀರೆ ಉಟ್ಟು, ಕುತ್ತಿಗೆಗೆ ಅದೇ ಬಣ್ಣದ ಬಟ್ಟೆ ಕಟ್ಟಿಕೊಂಡು, ಮೊದಲು ಹಾಡುವಾಗ ಕೂರುತ್ತಿದ್ದ ಜಾಗದಲ್ಲೇ ಕೂತಿದ್ದಳು. ನಾನು ಮೈಕಿನವರ ಪಕ್ಕ ನಿಂತು ಫೋನಿನ ಗುಂಡಿ ಒತ್ತಿದೆ.

ಮೊದಲ ಸಾಲಿಗೇ ಅವ್ವ ಸ್ಪೀಕರಿನ ಕಡೆ ತಿರುಗಿದಳು. ಆಮೇಲೆ ನನ್ನ ಕಡೆ.

ಚಪ್ಪರದ ಹೆಂಗಸರು ಬಾಯಿಗೆ ಸೆರಗು ಹಿಡಿದಿದ್ದರು. ಅವ್ವನ ಜೊತೆ ಎಷ್ಟೋ ಮದುವೆಗಳಲ್ಲಿ ದನಿ ಸೇರಿಸಿದ್ದ ಪಕ್ಕದ ಮನೆಯವರು ಅವಳ ಭುಜ ಹಿಡಿದು ಅಲುಗಿಸಿ, "ನಿನ್ ಗಂಟ್ಲೇ ಕಣಕ್ಕ! ಅಂಗೇ ಅದೆಯಲ್ಲ, ಒಂಚೂರೂ ಕೆಟ್ಟಿಲ್ವಲ್ಲ! ಮಗಳು ಓದಿದ್ದಕ್ಕೂ ಸಾರ್ಥಕ ಆಯ್ತು ಕಣಕ್ಕ!" ಎಂದು ಅತ್ತರು. ಹಿಂದಿದ್ದವರೂ ಹೌದು ಹೌದು ಎಂದರು. ದನಿ ಹೋಗಿ ನಾಲ್ಕು ವರ್ಷ. ಯಾರ ಕಿವಿಯಲ್ಲೂ ಅದು ಉಳಿದಿರಲಿಲ್ಲ. ಉಳಿದದ್ದು ಅವಳಿಗೆ, ನನಗೆ.

ಅವ್ವ ಅಲ್ಲ ಎಂದು ಒಮ್ಮೆ ತಲೆಯಾಡಿಸಿದ್ದರೆ ನನ್ನ ಮಾನ ಅಲ್ಲೇ ಹೋಗುತ್ತಿತ್ತು. ಆಡಿಸಲಿಲ್ಲ. ಪಕ್ಕದವರ ಕೈಯನ್ನು ತಟ್ಟಿ ಸಮಾಧಾನ ಮಾಡಿ, ಮೈಕಿನ ಕಡೆಗೇ ಕಿವಿಗೊಟ್ಟು ಕೂತಳು. ಹೆಸರು ಬರುವ ಜಾಗ ಬಂತು. ದನಿ ಬೇರೆಯವರದಾದರೂ ಹೆಸರಾದರೂ ನನ್ನದಿರಬಹುದು ಎಂದುಕೊಂಡಳೋ ಏನೋ, ತುಟಿಗಳು ನನ್ನ ಹೆಸರಿಗೆ ತೆರೆದುಕೊಂಡು ಕಾದವು. ಸ್ಪೀಕರಿನಲ್ಲಿ ಮುದ್ದಿನ ಮಗಳು ಎಂದು ಬಂತು. ಅವ್ವ ಬಾಯಿ ಮುಚ್ಚಿಕೊಂಡಳು. ಎದ್ದು ಬಟ್ಟಲಿಗೆ ಕೈ ಅದ್ದಿ ಮೊಮ್ಮಗಳ ಎರಡೂ ಕೆನ್ನೆಗೆ ಅರಿಶಿನ ಹಚ್ಚಿದಳು. ಪದ ಮುಗಿದಾಗ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಗಂಟಲನ್ನು ಹೊಗಳಿದರು. ಪ್ರತಿಯೊಬ್ಬರಿಗೂ ಕೈ ಮುಗಿದು ಆ ಹೊಗಳಿಕೆ ತೆಗೆದುಕೊಂಡಳು.

ಮದುವೆ ಕಳೆದು ಹದಿನೈದು ದಿನಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಪೆನ್‌ಡ್ರೈವು, ಪದರ, ಬಿಸಿ, ನನ್ನ ಸೋಮಾರಿತನ, ನನ್ನ ಸುಳ್ಳು, ಒಂದನ್ನೂ ಬಿಡಲಿಲ್ಲ. ಅವ್ವ ಅವರೆಕಾಯಿ ಬಿಡಿಸುತ್ತಾ ಪೂರ್ತಿ ಕೇಳಿದಳು. ಮುಗಿದ ಮೇಲೆ ನನ್ನ ಕಡೆ ನೋಡಿ ತಟ್ಟೆ ತೋರಿಸಿದಳು, ಉಂಡು ಹೋಗು ಎಂದು.

ಈಗಲೂ ಹೋಗುತ್ತೇನೆ. ಅತ್ತಿಗೆಯ ಜೊತೆ, ಪಕ್ಕದ ಮನೆಯವರ ಜೊತೆ ಅವ್ವ ತುಟಿ ಆಡಿಸಿ ಹೊತ್ತುಗಟ್ಟಲೆ ಮಾತಾಡುತ್ತಾಳೆ. ಅವರಿಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ, ನಗುತ್ತಾರೆ. ನಾನು ಹತ್ತಿರ ಹೋಗಿ ಕೂತರೆ ಬಾಯಿ ಮುಚ್ಚುತ್ತಾಳೆ. ನನಗೆ ಬರೀ ಕೈಸನ್ನೆ. ಕೂರು, ಉಣ್ಣು, ಬಸ್ಸು ಬಂತು.